ಆಕಾಶದಲ್ಲಿ ಹತ್ತಿರದ ದಾರಿ ಯಾವುದು?

ಬೆಂಗಳೂರಿನಿಂದ ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ವಿಮಾನವು ಎಲ್ಲಿಯೂ ಇಳಿಯದೆ ಹಾರಬೇಕಾಗಿದೆಯೆಂದು ಭಾವಿಸೋಣ. ಶಾಂತಸಾಗರವನ್ನು ನಡುವೆ ತೋರಿಸುವ ಮರ್ಕೇಟರ್ ಭೂಪಟದಲ್ಲಿ ಈ ಎರಡು ನಗರಗಳನ್ನು ಸರಳರೇಖೆಯಿಂದ ಸೇರಿಸಿದರೆ, ಆ ರೇಖೆಯು ಪೂರ್ವಕ್ಕೆ ಸಾಗರವನ್ನು ದಾಟಿ ಹೋಗುತ್ತದೆ. ಆ ದಾರಿಯ ಉದ್ದ ಸುಮಾರು 16,100 ಕಿಲೋಮೀಟರು. ಇದೇ ಹತ್ತಿರದ ದಾರಿಯೆಂದು ತೋರುವುದು ಸಹಜ. ಆದರೆ ಅದು ನಿಜವಲ್ಲ.

ಭೂಗೋಳದ ಮಾದರಿಯೊಂದನ್ನು ತೆಗೆದುಕೊಂಡು, ಎರಡೂ ನಗರಗಳ ಮೇಲೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿಯೋಣ. ದಾರವು ಪೂರ್ವಕ್ಕೆ ಹೋಗದೆ ಉತ್ತರಕ್ಕೆ ಸರಿಯುತ್ತದೆ. ನೇಪಾಳ, ಟಿಬೆಟ್, ಸೈಬೀರಿಯಾಗಳನ್ನು ದಾಟಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಈ ದಾರಿಯು ಮಹಾವೃತ್ತದ ಒಂದು ಭಾಗ. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಈ ಭಾಗವು ಭೂಕೇಂದ್ರದಲ್ಲಿ ಮಾಡುವ ಕೋನ ಸುಮಾರು 126 ಡಿಗ್ರಿ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಆದುದರಿಂದ ಒಂದು ಡಿಗ್ರಿಗೆ 111 ಕಿಲೋಮೀಟರು. 126ನ್ನು 111ರಿಂದ ಗುಣಿಸಿದರೆ ಸುಮಾರು 14,000 ಕಿಲೋಮೀಟರು ಬರುತ್ತದೆ. ಭೂಪಟದ ರೇಖೆಗಿಂತ ಇದು 2,100 ಕಿಲೋಮೀಟರು ಕಡಿಮೆ!

ಉತ್ತರ ಧ್ರುವದ ಮೇಲೆಯೇ ಹಾರಿದರೆ? ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ, ಸಾನ್ ಫ್ರಾನ್ಸಿಸ್ಕೋದ್ದು 38 ಡಿಗ್ರಿ. ಧ್ರುವದಿಂದ ಇವುಗಳ ದೂರ ಕ್ರಮವಾಗಿ 77 ಮತ್ತು 52 ಡಿಗ್ರಿ, ಒಟ್ಟು 129. ಹೆಚ್ಚಾದುದು ಮೂರೇ ಡಿಗ್ರಿ, ಎಂದರೆ ಸುಮಾರು 330 ಕಿಲೋಮೀಟರು.

ಇನ್ನು ಕಾಲದ ವಿಚಾರ. ಗಂಟೆಗೆ 900 ಕಿಲೋಮೀಟರು ವೇಗದಲ್ಲಿ 14,000 ಕಿಲೋಮೀಟರಿಗೆ ಹದಿನೈದೂವರೆ ಗಂಟೆ ಬೇಕು. ಆದರೆ ಹೊಳೆಯಲ್ಲಿ ದೋಣಿ ತೇಲುವಂತೆ ವಿಮಾನವು ಚಲಿಸುವ ಗಾಳಿಯಲ್ಲಿ ಸಾಗುತ್ತದೆ. ದಾರಿಯುದ್ದಕ್ಕೂ ಗಂಟೆಗೆ 50 ಕಿಲೋಮೀಟರಿನ ಗಾಳಿ ಹಿಂದಿನಿಂದ ಬೀಸಿದರೆ ಸುಮಾರು ಹದಿನಾಲ್ಕು ಮುಕ್ಕಾಲು ಗಂಟೆ, ಎದುರಿನಿಂದ ಬೀಸಿದರೆ ಹದಿನಾರೂವರೆ ಗಂಟೆ ಬೇಕಾಗುತ್ತದೆ. ಆದುದರಿಂದ ಎದುರುಗಾಳಿಯನ್ನು ತಪ್ಪಿಸುವ ಸುತ್ತುದಾರಿಯೇ ಒಮ್ಮೊಮ್ಮೆ ಬೇಗನೆ ಮುಟ್ಟಿಸುತ್ತದೆ.

ಇನ್ನೊಂದು ಎಚ್ಚರಿಕೆಯೂ ಉಂಟು. ವಿಮಾನದೊಳಗಿನ ವಾಯುಒತ್ತಡ ಕುಸಿದರೆ, ಪ್ರಯಾಣಿಕರು ಉಸಿರಾಡುವಂತೆ ಅದು ಸುಮಾರು 3,000 ಮೀಟರು ಎತ್ತರಕ್ಕೆ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರು ಎತ್ತರದಲ್ಲಿದೆ. ಅಲ್ಲಿ ಹತ್ತಿರದ ದಾರಿಗಿಂತ ಪ್ರಾಣವೇ ದೊಡ್ಡದು.

2021ರ ಜನವರಿ 9ರ ರಾತ್ರಿ ಸಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವು, ಮಹಿಳಾ ವೈಮಾನಿಕರ ಕೈಯಲ್ಲಿ ಉತ್ತರ ಧ್ರುವದ ಮೇಲೆ ಹಾರಿ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯಿತು. ಪ್ರಯಾಣಕ್ಕೆ ಒಂದೂಕಾಲು ದಿನ ಹಿಡಿಯಿತೆಂದು ಎಣಿಸಬಾರದು. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಹದಿನೇಳು ಗಂಟೆಗೆ ಮೇಲ್ಪಟ್ಟ ಹಾರಾಟ.

ಭೂಪಟದ ದೂರ ಒಂದು, ಭೂಗೋಳದ ದೂರ ಮತ್ತೊಂದು. ವೈಮಾನಿಕನು ನಡೆಯುವ ದಾರಿ ಮೂರನೆಯದು. ವಾಚಕರು ದಾರವನ್ನು ಹಿಡಿದು ಇತರ ನಗರಗಳ ನಡುವೆಯೂ ಇದನ್ನು ಪರೀಕ್ಷಿಸಿ ನೋಡಲಿ.