ಶಾಸನಪಾಠ ಮತ್ತು ಚಿತ್ರ ಸಂಸ್ಕರಣೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪರಿಸರದ ಶಾಸನಗಳ ಓದಿನಲ್ಲಿ ಸ್ವತಂತ್ರ ತಂತ್ರಾಂಶ

ಪ್ರಸ್ತಾವನೆ

ಕನ್ನಡ ಸಂಶೋಧನೆಯಲ್ಲಿ ಗಣಕಯಂತ್ರದ ಬಳಕೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅಕ್ಷರಜೋಡಣೆ, ಲಿಪಿಯ ಸಂಕೇತ ವ್ಯವಸ್ಥೆ ಮತ್ತು ನಿಘಂಟುಗಳ ಸುತ್ತಲೇ ನಡೆದಿದೆ. ಛಾಯಾಚಿತ್ರವನ್ನು ತಿದ್ದುವ ತಂತ್ರಾಂಶಗಳನ್ನು ಪುಸ್ತಕದ ಮುಖಪುಟ ವಿನ್ಯಾಸಕ್ಕೆ ಸಂಬಂಧಿಸಿದ ಸಂಗತಿಯೆಂದು ಪಕ್ಕಕ್ಕೆ ಇಡಲಾಗಿದೆ. ಆದರೆ ಶಾಸನವನ್ನಾಗಲಿ ಓಲೆಗರಿಯನ್ನಾಗಲಿ ಡಿಜಿಟಲ್ ಚಿತ್ರದ ಮೂಲಕ ಓದುವ ಸಂಶೋಧಕನಿಗೆ ಇದು ಅಲಂಕಾರದ ವಿಷಯವಲ್ಲ. ಚಿತ್ರದ ಬೆಳಕನ್ನು ಹೆಚ್ಚಿಸುವುದು, ಕಲೆಯನ್ನು ತೆಗೆಯುವುದು, ಅಂಚನ್ನು ಚೂಪುಗೊಳಿಸುವುದು ಇವೆಲ್ಲ ಅಂತಿಮವಾಗಿ ಪಾಠದ ಮೇಲೆ ಪರಿಣಾಮ ಬೀರುವ ಕ್ರಿಯೆಗಳು. ಆದ್ದರಿಂದ ಶಾಸನದ ಚಿತ್ರ ಸಂಸ್ಕರಣೆಯು ಗ್ರಂಥಸಂಪಾದನೆಯ ಒಂದು ಹಂತ. ಗ್ರಂಥಸಂಪಾದನೆಯ ಶಿಸ್ತು ಅದಕ್ಕೂ ಅನ್ವಯಿಸಬೇಕು ಎಂಬುದು ಪ್ರಸ್ತುತ ಲೇಖನದ ನಿಲುವು. ಸ್ವತಂತ್ರ ತಂತ್ರಾಂಶವಾದ ಗಿಂಪ್ ಮತ್ತು ಅದರ ಬಳಕೆದಾರ ಸಮುದಾಯವನ್ನು ನಿದರ್ಶನವಾಗಿಟ್ಟುಕೊಂಡು, ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಶಾಸನಗಳ ಹಿನ್ನೆಲೆಯಲ್ಲಿ ಇದನ್ನು ಇಲ್ಲಿ ವಿವೇಚಿಸಲಾಗಿದೆ.

ಪ್ರದೇಶ ಮತ್ತು ಆಕರ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಇಂದು ಕೊಬ್ಬರಿಯಿಂದ ಹೆಸರಾಗಿದ್ದರೂ ಶಾಸನ ಮತ್ತು ವಾಸ್ತುಶಿಲ್ಪದ ದೃಷ್ಟಿಯಿಂದಲೂ ಸಮೃದ್ಧವಾದ ಪ್ರದೇಶಗಳು. ಅರಳುಗುಪ್ಪೆಯ ಕಲ್ಲೇಶ್ವರ ದೇವಾಲಯ ಸುಮಾರು 9ನೆಯ ಶತಮಾನದ ನೊಳಂಬ ಪರಂಪರೆಯದು. ಶೆಟ್ಟಿಕೆರೆಯ ಯೋಗಮಾಧವ ದೇವಾಲಯ 1261ರಲ್ಲಿ, ನೊಣವಿನಕೆರೆ ಸಮೀಪದ ವಿಘ್ನಸಂತೆಯ ಲಕ್ಷ್ಮೀನರಸಿಂಹ ದೇವಾಲಯ 1286ರಲ್ಲಿ, ಎರಡೂ ಹೊಯ್ಸಳ ಮುಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ ನಿರ್ಮಾಣಗೊಂಡವು. ತುರುವೇಕೆರೆಯ ಚೆನ್ನಿಗರಾಯ ಮತ್ತು ಮೂಲೆ ಶಂಕರೇಶ್ವರ ದೇವಾಲಯಗಳೂ ಹೊಯ್ಸಳ ಕಾಲದವು.

ಈ ಭಾಗದ ಶಾಸನಗಳು ಮೊದಲ ಬಾರಿಗೆ ಒಟ್ಟಾಗಿ ಪ್ರಕಟವಾದದ್ದು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟದಲ್ಲಿ, 1904ರಲ್ಲಿ. ಆಗ ತುರುವೇಕೆರೆ ತಿಪಟೂರಿಗೆ ಸೇರಿದ ಉಪತಾಲ್ಲೂಕಾಗಿದ್ದುದರಿಂದ ಅಲ್ಲಿಯ ಶಾಸನಗಳನ್ನು ತಿಪಟೂರು ತಾಲ್ಲೂಕಿನ ಅಡಿಯಲ್ಲಿ ಹುಡುಕಬೇಕಾಗುತ್ತದೆ. ರೈಸ್ ಅವರ ಸಂಪುಟಗಳು ಪಾಠವನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಇಂಗ್ಲಿಷ್ ಅನುವಾದದೊಡನೆ ಕೊಡುತ್ತವೆ. ಆದರೆ ಚಿತ್ರಫಲಕಗಳಿರುವುದು ಆಯ್ದ ಕೆಲವು ಶಾಸನಗಳಿಗೆ ಮಾತ್ರ. ಹೀಗಾಗಿ ಬಹುಪಾಲು ಶಾಸನಗಳ ವಿಷಯದಲ್ಲಿ ಇಂದಿನ ಓದುಗನ ಕೈಯಲ್ಲಿರುವುದು ಅಂದಿನ ಓದಿನ ಫಲಿತಾಂಶವೇ ಹೊರತು ಆ ಓದಿಗೆ ಆಧಾರವಾದ ಸಾಕ್ಷ್ಯವಲ್ಲ. ಪಾಠದಲ್ಲಿ ಸಂದೇಹ ಬಂದಾಗ ಮತ್ತೆ ಕಲ್ಲಿನ ಬಳಿಗೇ ಹೋಗಬೇಕು. ಆ ಕಲ್ಲಾದರೋ ಒಂದು ಶತಮಾನಕ್ಕೂ ಹೆಚ್ಚು ಕಾಲ ಮಳೆ ಬಿಸಿಲುಗಳಿಗೆ ಒಡ್ಡಿಕೊಂಡಿದೆ. ಪೂಜೆಗೊಳ್ಳುವ ಕಲ್ಲಿಗೆ ಎಣ್ಣೆ ಕುಂಕುಮಗಳ ಲೇಪ, ಜೀರ್ಣೋದ್ಧಾರಗೊಂಡ ಗುಡಿಯ ಕಲ್ಲಿಗೆ ಸುಣ್ಣ ಬಣ್ಣಗಳ ಲೇಪ, ಕೆರೆಯ ಏರಿಯ ಕಲ್ಲಿಗೆ ಹಾವಸೆ ಮೆತ್ತಿಕೊಳ್ಳುವುದು ಸಾಮಾನ್ಯ. ಇಂಥ ಸ್ಥಿತಿಯಲ್ಲಿ ಒಳ್ಳೆಯ ಚಿತ್ರವೊಂದು ಮುಂದೆ ಶಾಸನದ ಏಕೈಕ ಮಾತೃಕೆಯಾಗಿ ಉಳಿಯಬಹುದು.

ಪಡಿಯಚ್ಚಿನಿಂದ ಡಿಜಿಟಲ್ ಚಿತ್ರಕ್ಕೆ

ಪಡಿಯಚ್ಚು ತೆಗೆಯುವ ಕ್ರಮದಲ್ಲಿ ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ ಅಕ್ಷರದ ಕುಳಿಗೆ ಇಳಿಸಿ, ಮೇಲೆ ಮಸಿಯನ್ನು ಒತ್ತಲಾಗುತ್ತದೆ. ಕುಳಿಗೆ ಮಸಿ ತಾಗದು. ಕಪ್ಪು ನೆಲದ ಮೇಲೆ ಅಕ್ಷರ ಬೆಳ್ಳಗೆ ಮೂಡುತ್ತದೆ. ಕಲ್ಲಿನ ಬಣ್ಣ, ಕಲೆ, ನೆರಳು ಯಾವುದೂ ಇದರಲ್ಲಿ ಬಾರದಿರುವುದು ಪಡಿಯಚ್ಚಿನ ದೊಡ್ಡ ಗುಣ. ಛಾಯಾಚಿತ್ರದಲ್ಲಿ ಇವೆಲ್ಲವೂ ಬರುತ್ತವೆ. ತೆಂಗಿನ ತೋಟದ ನಡುವೆ ನಿಂತ ಕಲ್ಲನ್ನು ಹಗಲಿನಲ್ಲಿ ಚಿತ್ರಿಸಿದರೆ ಗರಿಗಳ ನೆರಳು ಅಕ್ಷರಗಳ ಮೇಲೆ ಗೀರು ಗೀರಾಗಿ ಬೀಳುತ್ತದೆ. ಗೀರಿನ ಅಂಚು ಅಕ್ಷರದ ಗೆರೆಯಂತೆಯೇ ಕಾಣಬಹುದು. ಸಂಜೆಯ ನಂತರ ಒಂದೇ ದೀಪವನ್ನು ಕಲ್ಲಿನ ಮೈಗೆ ಸಮಾನಾಂತರವಾಗಿ, ಒಂದು ಬದಿಯಿಂದ ಹಾಯಿಸಿ ಚಿತ್ರ ತೆಗೆಯುವುದು ಇದಕ್ಕೆ ಸರಳ ಪರಿಹಾರ. ಆಗ ಆಳವಿಲ್ಲದ ಕೊರೆತವೂ ನೆರಳು ಚೆಲ್ಲುತ್ತದೆ.

2001ರಲ್ಲಿ ಟಾಮ್ ಮಾಲ್ಸ್‌ಬೆಂಡರ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ, ಹಲವು ದಿಕ್ಕಿನ ಬೆಳಕಿನ ಚಿತ್ರಗಳನ್ನು ಕೂಡಿಸುವ ವಿಧಾನ ಇದರ ಮುಂದುವರಿದ ರೂಪ. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಲಾಗಿದೆ. ಇಂಥ ಉಪಕರಣಗಳು ತಾಲ್ಲೂಕು ಕೇಂದ್ರದ ಅಧ್ಯಾಪಕನಿಗೆ ಸುಲಭವಾಗಿ ದೊರೆಯುವಂಥವಲ್ಲ. ಅವನಿಗೆ ದೊರೆಯುವುದು ಸಾಧಾರಣ ಕ್ಯಾಮೆರಾ, ಒಂದು ದೀಪ ಮತ್ತು ಬೆಲೆ ತೆರಬೇಕಿಲ್ಲದ ತಂತ್ರಾಂಶ. ಈ ಮೂರರಿಂದ ಏನು ಸಾಧ್ಯ ಎಂಬುದೇ ಇಲ್ಲಿಯ ಪ್ರಶ್ನೆ.

ಗಿಂಪ್ ಮತ್ತು ಅದರ ಸಮುದಾಯ

ಗಿಂಪ್ ಹುಟ್ಟಿದ್ದು ವಿದ್ಯಾರ್ಥಿಗಳಿಂದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಇದರ ರಚನೆಗೆ ತೊಡಗಿದರು. 1996ರಲ್ಲಿ ಮೊದಲ ಸಾರ್ವಜನಿಕ ಆವೃತ್ತಿ ಹೊರಬಂದಿತು. ಇಬ್ಬರೂ ವಿಶ್ವವಿದ್ಯಾಲಯವನ್ನು ಬಿಟ್ಟ ಮೇಲೂ ತಂತ್ರಾಂಶ ನಿಲ್ಲಲಿಲ್ಲ. ಬಳಸುತ್ತಿದ್ದವರೇ ಅದನ್ನು ಮುಂದುವರಿಸಿದರು. 2004ರಲ್ಲಿ 2.0, 2018ರಲ್ಲಿ 2.10, 2025ರಲ್ಲಿ 3.0 ಆವೃತ್ತಿಗಳು ಬಂದವು. ಇದರ ಪರವಾನಗಿಯ ಪ್ರಕಾರ ಯಾರು ಬೇಕಾದರೂ ತಂತ್ರಾಂಶವನ್ನು ಬಳಸಬಹುದು, ಅದರ ಒಳಗನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಸಂಶೋಧಕನ ದೃಷ್ಟಿಯಿಂದ ಬೆಲೆಯಿಲ್ಲದಿರುವುದಕ್ಕಿಂತ ಒಳಗನ್ನು ಓದಬಹುದೆಂಬುದು ಮುಖ್ಯ. ಒಂದು ಆದೇಶ ಕೊಟ್ಟಾಗ ಚಿತ್ರಕ್ಕೆ ನಿಖರವಾಗಿ ಏನಾಯಿತು ಎಂಬುದು ಇಲ್ಲಿ ಗುಟ್ಟಲ್ಲ. ಪಾಠಕ್ಕೆ ಆಧಾರವಾಗುವ ಉಪಕರಣ ಪರಿಶೀಲನೆಗೆ ತೆರೆದಿರಬೇಕೆಂಬುದು ಶಾಸ್ತ್ರೀಯ ಅಪೇಕ್ಷೆ.

ಕನ್ನಡದ ದೃಷ್ಟಿಯಿಂದ ಇನ್ನೊಂದು ಅನುಕೂಲವನ್ನು ಗಮನಿಸಬೇಕು. ಗಿಂಪ್‌ನ ಅಕ್ಷರ ಬರೆಯುವ ಸಾಧನವು ಪ್ಯಾಂಗೊ ಎಂಬ ಸ್ವತಂತ್ರ ಪಠ್ಯವಿನ್ಯಾಸ ವ್ಯವಸ್ಥೆಯನ್ನು ಅವಲಂಬಿಸಿರುವುದರಿಂದ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳಿಗೂ ಯೂನಿಕೋಡ್‌ನಲ್ಲಿ ಸ್ಥಾನವಿದೆ. ಹೀಗಾಗಿ ಶಾಸನದ ಚಿತ್ರದ ಮೇಲೆಯೇ, ಪ್ರತ್ಯೇಕ ಪದರದಲ್ಲಿ, ಸಾಲಿಗೆ ಸಾಲಾಗಿ ಪಾಠವನ್ನು ಬರೆದಿಡಬಹುದು.

ಬಳಕೆದಾರ ಸಮುದಾಯದ ಕೊಡುಗೆ ಎರಡು ಬಗೆಯದು. ಹೊಸ ಸಾಧನಗಳನ್ನು ರಚಿಸಿ ಸೇರಿಸುವುದು ಒಂದು. ಬಳಸುವ ಕ್ರಮವನ್ನು ಇತರರಿಗೆ ಬರೆದು ತಿಳಿಸುವುದು ಇನ್ನೊಂದು. ಈ ಎರಡನೆಯ ಬಗೆಯ ಬರವಣಿಗೆ ಹೇರಳವಾಗಿದೆ. ಆದರೆ ಅದರ ಹೆಚ್ಚಿನ ಭಾಗ ಚಿತ್ರವನ್ನು ಚೆಂದಗೊಳಿಸುವುದನ್ನೇ ಗುರಿಯಾಗಿಟ್ಟುಕೊಂಡಿದೆ. ಮುಖದ ಕಲೆ ಅಳಿಸುವುದು, ಹಳೆಯ ಭಾವಚಿತ್ರದ ಬಿರುಕು ಮುಚ್ಚುವುದು ಅಲ್ಲಿಯ ಮಾದರಿ ಸಮಸ್ಯೆಗಳು. ಶಾಸನ ಓದುವವನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅವನು ಬಿರುಕನ್ನು ಮುಚ್ಚಬೇಕಾಗಿಲ್ಲ. ಬಿರುಕು ಯಾವುದು, ಅಕ್ಷರ ಯಾವುದು ಎಂದು ಬೇರ್ಪಡಿಸಬೇಕಾಗಿದೆ.

ಓದಿಗೆ ನೆರವಾಗುವ ಕ್ರಮಗಳು

ಮೊದಲನೆಯದು ಬಣ್ಣದ ವಿಭಜನೆ. ಚಿತ್ರವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಕಪ್ಪುಬಿಳುಪು ಚಿತ್ರಗಳಾಗಿ ಒಡೆದರೆ ಕುಂಕುಮದ ಕಲೆ ಕೆಂಪು ಭಾಗದಲ್ಲಿ ತಿಳಿಯಾಗಿ ಕಲ್ಲಿನ ಬಣ್ಣಕ್ಕೆ ಹತ್ತಿರವಾಗುತ್ತದೆ. ಅದರ ಅಡಿಯ ಕೊರೆತ ಎದ್ದು ಕಾಣುತ್ತದೆ. ಹಸಿರು ಹಾವಸೆಗೆ ಹಸಿರು ಭಾಗವನ್ನು ಇದೇ ರೀತಿ ನೋಡಬಹುದು.

ಎರಡನೆಯದು ಪದರಗಳ ಹೋಲಿಕೆ. ಕ್ಯಾಮೆರಾವನ್ನು ಕದಲಿಸದೆ ನಾಲ್ಕು ದಿಕ್ಕಿನ ಬೆಳಕಿನಲ್ಲಿ ತೆಗೆದ ನಾಲ್ಕು ಚಿತ್ರಗಳನ್ನು ಒಂದರ ಮೇಲೊಂದು ಪದರವಾಗಿ ಇಡಬೇಕು. ಕಲ್ಲಿನ ಮೇಲಿನ ಬಣ್ಣದ ಕಲೆ ನಾಲ್ಕರಲ್ಲೂ ಒಂದೇ ಕಡೆ ಇರುತ್ತದೆ. ಕೊರೆತದ ನೆರಳು ಮಾತ್ರ ಬೆಳಕಿನೊಡನೆ ಬದಿ ಬದಲಿಸುತ್ತದೆ. ಎದುರುಬದುರು ಬೆಳಕಿನ ಎರಡು ಪದರಗಳ ವ್ಯತ್ಯಾಸವನ್ನು ತೆಗೆಯುವ ಆದೇಶ ಕೊಟ್ಟರೆ ಕಲೆ ಬಹುಮಟ್ಟಿಗೆ ಅಳಿದು ಕೊರೆತದ ಅಂಚು ಉಳಿಯುತ್ತದೆ. ಇದಕ್ಕೆ ನಾಲ್ಕೂ ಚಿತ್ರಗಳ ಬೆಳಕಿನ ಪ್ರಮಾಣ ಸಮನಾಗಿರಬೇಕು. ಒಂದು ಚುಕ್ಕೆ ಅನುಸ್ವಾರದ ಸೊನ್ನೆಯೋ ಮೇಲಿನ ಕಲೆಯೋ ಎಂಬ ಸಂದೇಹವನ್ನು ಈ ಪರೀಕ್ಷೆ ಹಲವೊಮ್ಮೆ ತೀರ್ಮಾನಿಸಬಲ್ಲದು. ಸೊನ್ನೆಯೋ ಸಹಜವಾದ ಕುಳಿಯೋ ಎಂಬುದನ್ನು ಮಾತ್ರ ಅದು ತೀರ್ಮಾನಿಸಲಾರದು, ಎರಡೂ ಕುಳಿಗಳೇ. ಅಲ್ಲಿ ಲಿಪಿಜ್ಞಾನ ಮತ್ತು ಭಾಷಾಜ್ಞಾನಗಳೇ ಪ್ರಮಾಣ.

ಮೂರನೆಯದು ಹಳೆಯ ಪಡಿಯಚ್ಚಿನೊಡನೆ ಹೋಲಿಕೆ. ಪಡಿಯಚ್ಚಿನ ಚಿತ್ರವನ್ನು ಅರೆಪಾರದರ್ಶಕ ಪದರವಾಗಿ ಹೊಸ ಚಿತ್ರದ ಮೇಲೆ ಹೊಂದಿಸಿದರೆ, ಅಂದು ಇದ್ದು ಇಂದು ಅಳಿದಿರುವ ಅಕ್ಷರಗಳು ಸ್ಪಷ್ಟವಾಗುತ್ತವೆ. ಓರೆಯಾಗಿ ತೆಗೆದ ಚಿತ್ರವನ್ನು ನೇರಗೊಳಿಸುವ ಸಾಧನ ಇಲ್ಲಿ ಅಗತ್ಯ. ಬೆಳಕು ಯಾವ ದಿಕ್ಕಿನದೆಂದು ಗುರುತಿಸಿಡುವುದೂ ಅಷ್ಟೇ ಮುಖ್ಯ. ಬೆಳಕು ಕೆಳಗಿನಿಂದ ಬಂದ ಚಿತ್ರದಲ್ಲಿ ಕಣ್ಣು ಮೋಸಹೋಗಿ ಕೊರೆತ ಉಬ್ಬಿನಂತೆ ಕಾಣುತ್ತದೆ.

ಚಿತ್ರದಲ್ಲಿ ಪ್ರಕ್ಷೇಪ

ಪ್ರತಿಕಾರನು ತ್ರುಟಿತ ಭಾಗವನ್ನು ತನ್ನ ಊಹೆಯಿಂದ ತುಂಬಿದರೆ ಅದನ್ನು ಪ್ರಕ್ಷೇಪವೆಂದು ಕರೆಯುತ್ತೇವೆ. ಚಿತ್ರ ತಂತ್ರಾಂಶವೂ ಇದನ್ನೇ ಮಾಡಬಲ್ಲದು. ಪಾಲ್ ಹ್ಯಾರಿಸನ್ ಅವರು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಪಿಎಚ್.ಡಿ. ಸಂಶೋಧನೆಯ ಭಾಗವಾಗಿ ರೂಪಿಸಿದ ರೀಸಿಂಥಸೈಜರ್ ಎಂಬ ಸಾಧನ ಗಿಂಪ್ ಬಳಕೆದಾರರಲ್ಲಿ ಪ್ರಸಿದ್ಧ. ಗುರುತಿಸಿದ ಭಾಗವನ್ನು ಅದು ಸುತ್ತಲಿನ ವಿನ್ಯಾಸದಿಂದ ಆಯ್ದು ತುಂಬುತ್ತದೆ. ಹುಲ್ಲುಗಾವಲಿನ ಚಿತ್ರದಲ್ಲಿ ಇದು ಉಪಕಾರಿ. ಶಾಸನದ ಚಿತ್ರದಲ್ಲಿ ಅಪಾಯಕಾರಿ. ಸುತ್ತಲಿರುವುದು ಅಕ್ಷರವಾದ್ದರಿಂದ ತುಂಬಿದ್ದೂ ಅಕ್ಷರದಂತೆಯೇ ಕಾಣುತ್ತದೆ. ಚಿತ್ರವನ್ನು ಹಿಗ್ಗಿಸಿ ಸ್ಪಷ್ಟಗೊಳಿಸುವ ಇಂದಿನ ಕೃತಕ ಬುದ್ಧಿಮತ್ತೆಯ ಸಾಧನಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಣ್ಣಿಗೆ ಬೀಳದ ಪ್ರಕ್ಷೇಪಗಳು ಇದಕ್ಕಿಂತ ಸೂಕ್ಷ್ಮ. ಅಂಚನ್ನು ಅತಿಯಾಗಿ ಚೂಪುಗೊಳಿಸಿದರೆ ಗೆರೆಯ ಪಕ್ಕದಲ್ಲಿ ಇಲ್ಲದ ಇನ್ನೊಂದು ಗೆರೆ ಮೂಡುತ್ತದೆ. ಜೆಪೆಗ್ ರೂಪದಲ್ಲಿ ಚಿತ್ರವನ್ನು ಬಹಳವಾಗಿ ಕುಗ್ಗಿಸಿದಾಗ ಎಂಟು ಬಿಂದುಗಳ ಚೌಕಗಳ ಅಂಚು ಕಾಣಿಸಿಕೊಳ್ಳುತ್ತದೆ. ಮೊಬೈಲ್ ಕ್ಯಾಮೆರಾಗಳು ಚಿತ್ರವನ್ನು ಉಳಿಸುವ ಮೊದಲೇ ತಾವಾಗಿ ತಿದ್ದುವುದುಂಟು.

ಇದರ ಪರಿಣಾಮ ಚಿಕ್ಕದಲ್ಲ. ಉದಾಹರಣೆಗೆ ಶಕ 1208 ವ್ಯಯ ಸಂವತ್ಸರ, ಇದು ಕ್ರಿ.ಶ. 1286-87. ಮಾಸಿದ ಕೊನೆಯ ಅಂಕಿಯನ್ನು ಸಂಸ್ಕರಿಸಿದ ಚಿತ್ರದಲ್ಲಿ 6 ಎಂದು ಓದಿದರೆ ಶಕ 1206 ಆಗುತ್ತದೆ. ಅದು ತಾರಣ ಸಂವತ್ಸರ. ಸಂವತ್ಸರದ ಹೆಸರು ಉಳಿದಿದ್ದರೆ ತಪ್ಪು ತಾನಾಗಿ ಬಯಲಾಗುತ್ತದೆ. ಅದೂ ಅಳಿದಿದ್ದರೆ ತಂತ್ರಾಂಶ ಹುಟ್ಟಿಸಿದ ಒಂದು ಗೆರೆ ಕಾಲನಿರ್ಣಯವನ್ನೇ ಬದಲಿಸಿ, ಮುಂದಿನ ಸಂಶೋಧನೆಗಳಿಗೆ ಆಧಾರವಾಗಿ ಹರಿದುಹೋಗುತ್ತದೆ.

ಗ್ರಂಥಸಂಪಾದನೆಯ ಶಿಸ್ತು

ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದವರ ಮೂಲಕ ಕನ್ನಡದಲ್ಲಿ ನೆಲೆಗೊಂಡ ಗ್ರಂಥಸಂಪಾದನಾ ಶಾಸ್ತ್ರದ ತತ್ತ್ವಗಳಲ್ಲೇ ಇದಕ್ಕೆ ಪರಿಹಾರವಿದೆ. ಮಾತೃಕೆಯನ್ನು ತಿದ್ದಬಾರದು: ಕ್ಯಾಮೆರಾದಿಂದ ಬಂದ ಮೂಲಚಿತ್ರವನ್ನು ಹಾಗೆಯೇ ಕಾದಿರಿಸಿ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ಪಾಠಾಂತರಗಳನ್ನು ಬೇರೆಯಾಗಿ ತೋರಿಸಬೇಕು: ಪ್ರತಿಯೊಂದು ಸಂಸ್ಕರಣೆಯೂ ಪ್ರತ್ಯೇಕ ಪದರದಲ್ಲಿರಬೇಕು. ಊಹಾಪಾಠವನ್ನು ಆವರಣದಲ್ಲಿ ಕೊಡಬೇಕು: ಅಕ್ಷರದ ಗೆರೆಯನ್ನು ಕೈಯಿಂದ ಎಳೆದು ತೋರಿಸುವುದಾದರೆ ನಿಶ್ಚಿತವಾದುದಕ್ಕೆ ಒಂದು ಬಣ್ಣ, ಸಂದಿಗ್ಧವಾದುದಕ್ಕೆ ಇನ್ನೊಂದು, ಊಹೆಗೆ ಮತ್ತೊಂದು ಎಂದು ಮೂರು ಪದರಗಳನ್ನು ಬಳಸಬೇಕು. ತುಂಬುವ ಸಾಧನಗಳನ್ನು ಅಕ್ಷರವಿರುವ ಭಾಗದಲ್ಲಿ ಬಳಸಲೇಬಾರದು.

ಅಡಿಟಿಪ್ಪಣಿಗೆ ಸಮಾನವಾದುದು ಕ್ರಿಯೆಗಳ ದಾಖಲೆ. ಗಿಂಪ್ ತನ್ನ ಎಕ್ಸ್‌ಸಿಎಫ್ ಕಡತದಲ್ಲಿ ಪದರಗಳನ್ನು ಉಳಿಸುತ್ತದೆಯಾದರೂ, ಕೆಲಸ ಮಾಡುವಾಗ ಹಿಂದಕ್ಕೆ ಸರಿಯಲು ಇರುವ ಕ್ರಿಯೆಗಳ ಪಟ್ಟಿಯನ್ನು ಉಳಿಸುವುದಿಲ್ಲ. ಕಡತ ಮುಚ್ಚಿದೊಡನೆ ಅದು ಹೋಗುತ್ತದೆ. 3.0 ಆವೃತ್ತಿಯಲ್ಲಿ ಚಿತ್ರದ ಬಿಂದುಗಳನ್ನು ಬದಲಿಸದೆ ಶೋಧಕಗಳನ್ನು ಪದರಕ್ಕೆ ಜೋಡಿಸಿ, ಅವುಗಳ ಮೌಲ್ಯದೊಡನೆ ಕಡತದಲ್ಲೇ ಉಳಿಸುವ ಸೌಲಭ್ಯ ಬಂದಿರುವುದು ಶಾಸನ ಸಂಪಾದಕನಿಗೆ ದೊಡ್ಡ ನೆರವು. ಆದರೂ ಸ್ಥಳ, ದಿನಾಂಕ, ಬೆಳಕಿನ ದಿಕ್ಕು, ತಂತ್ರಾಂಶದ ಆವೃತ್ತಿ, ಮಾಡಿದ ಕ್ರಿಯೆಗಳು ಮತ್ತು ಅವುಗಳ ಪ್ರಮಾಣ ಇವನ್ನು ಬರೆದಿಡುವ ಹೊಣೆ ಸಂಪಾದಕನದೇ. ಇಂಥ ಕಡತವನ್ನು ಪಾಠದೊಂದಿಗೆ ಪ್ರಕಟಿಸಿದಾಗ ಇನ್ನೊಬ್ಬ ಓದುಗ ಒಂದೊಂದೇ ಪದರವನ್ನು ತೆಗೆದು ಮೂಲದವರೆಗೆ ಹೋಗಬಲ್ಲ. 1904ರ ಸಂಪುಟ ಕೊಡಲಾಗದಿದ್ದ ಸಾಕ್ಷ್ಯವನ್ನು ಹೀಗೆ ಕೊಡಲು ಸಾಧ್ಯವಿದೆ.

ಸಮಾರೋಪ

ಸ್ವತಂತ್ರ ತಂತ್ರಾಂಶದ ಸಮುದಾಯವೂ ಗ್ರಂಥಸಂಪಾದಕರ ಪರಂಪರೆಯೂ ಒಂದು ನಂಬಿಕೆಯಲ್ಲಿ ಕೂಡುತ್ತವೆ: ಕೆಲಸವನ್ನು ಇನ್ನೊಬ್ಬರು ಪರಿಶೀಲಿಸಿ ತಿದ್ದುವಂತೆ ತೆರೆದಿಡಬೇಕು. ಆದರೆ ಸಮುದಾಯದಿಂದ ಪಡೆಯುವುದರ ಜೊತೆಗೆ ಕೊಡುವುದೂ ಇರಬೇಕು. ಶಾಸನದ ಚಿತ್ರವನ್ನು ಹೇಗೆ ತಿದ್ದಬೇಕು, ಎಲ್ಲಿ ತಿದ್ದಬಾರದು ಎಂಬುದನ್ನು ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ಕನ್ನಡ ವಿಭಾಗಗಳೇ ಮಾಡಬೇಕಾಗಿದೆ. ಲಿಪಿಯನ್ನೂ ಭಾಷೆಯನ್ನೂ ಬಲ್ಲವರು ಅಲ್ಲಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಾಲೇಜುಗಳ ಸ್ನಾತಕ ವಿದ್ಯಾರ್ಥಿಗಳು ತಮ್ಮ ಊರಿನ ಒಂದೊಂದು ಕಲ್ಲನ್ನು ಈ ಕ್ರಮದಲ್ಲಿ ದಾಖಲಿಸಿ, ರೈಸ್ ಅವರ ಪಾಠವನ್ನು ನೋಡುವ ಮೊದಲು ತಾವೇ ಓದಿ, ಅನಂತರ ಹೋಲಿಸಿದರೆ ಅದು ಹಳಗನ್ನಡ ಬೋಧನೆಗೂ ಒಳ್ಳೆಯ ಮಾರ್ಗವಾದೀತು. ಕಲ್ಲು ಇನ್ನೂ ಓದಲು ಸಿಗುವಂತಿರುವಾಗಲೇ ಈ ಕೆಲಸ ನಡೆಯಬೇಕು. ಚಿತ್ರವನ್ನು ಕಲ್ಲಿನೊಡನೆ ಹೋಲಿಸಿ ನೋಡುವ ಅವಕಾಶ ಇರುವುದು ಅಲ್ಲಿಯವರೆಗೆ ಮಾತ್ರ.