ಕ್ರೂಸ್ ಟಿಕೆಟ್‌ನ ಸಣ್ಣಕ್ಷರಗಳು ಮತ್ತು ಪ್ರಯಾಣಿಕರ ಹಕ್ಕುಗಳು

ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಪತಿ ತಮ್ಮೂರಿನ ಟ್ರಾವೆಲ್ ಏಜೆಂಟರ ಬಳಿ ಹಣ ಕಟ್ಟಿ, ಲಾಸ್ ಏಂಜಲೀಸ್‌ನಲ್ಲಿ ಕಾರ್ನಿವಲ್ ಕಂಪನಿಯ ಹಡಗು ಹತ್ತಿದರು. ಮೆಕ್ಸಿಕೊ ಕರಾವಳಿಯಾಚೆ, ಹಡಗಿನ ಅಡುಗೆಮನೆ ನೋಡಲು ಹೊರಟಾಗ ಹೆಂಡತಿ ಡೆಕ್ ಮೇಲಿದ್ದ ಮ್ಯಾಟ್‌ನಿಂದ ಜಾರಿ ಬಿದ್ದು ಪೆಟ್ಟು ಮಾಡಿಕೊಂಡರು. ತಮ್ಮ ರಾಜ್ಯದಲ್ಲಿ ದಾವೆ ಹೂಡಿದರೆ ಟಿಕೆಟ್‌ನಲ್ಲಿ ಅಚ್ಚಾಗಿದ್ದ ಷರತ್ತೊಂದು ಅಡ್ಡ ಬಂತು: ಯಾವ ತಕರಾರಿದ್ದರೂ ಫ್ಲಾರಿಡಾದ ಕೋರ್ಟಿನಲ್ಲೇ ಇತ್ಯರ್ಥವಾಗಬೇಕು. ಆ ಟಿಕೆಟ್ ಅವರ ಕೈಸೇರಿದ್ದೇ ಹಣ ಕಟ್ಟಿದ ಮೇಲೆ. ಆದರೂ 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು.

ಅಂಥ ಷರತ್ತುಗಳು ಇಂದಿಗೂ ಇವೆ. ಅಮೆರಿಕದ ಬಂದರುಗಳಿಂದ ಹೊರಡುವ ಹಡಗುಗಳಲ್ಲಿ ಗಾಯಗೊಂಡವರು ಆರು ತಿಂಗಳೊಳಗೆ ಲಿಖಿತ ನೋಟಿಸ್ ಕೊಡಬೇಕು, ಒಂದು ವರ್ಷದೊಳಗೆ ದಾವೆ ಹೂಡಬೇಕು ಎಂದು ಟಿಕೆಟ್‌ನಲ್ಲಿ ಬರೆದಿರುವುದು ಸಾಮಾನ್ಯ. ಅಷ್ಟು ಕಡಿಮೆ ಗಡುವಿಗೆ ಅಲ್ಲಿನ ಕಾನೂನೇ ಅವಕಾಶ ಕೊಟ್ಟಿದೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ, ಅಲ್ಲಿಂದ ಕ್ರೂಸ್ ಮಾಡಿ ಬರುವ ಕನ್ನಡಿಗ ಹಿರಿಯರು ಈ ಮಾತನ್ನು ಗಮನದಲ್ಲಿಡಬೇಕು.

ಭಾರತದಲ್ಲೇ ಟಿಕೆಟ್ ಕೊಂಡವರ ಸ್ಥಿತಿ ಇದಕ್ಕಿಂತ ಎಷ್ಟೋ ಮೇಲು. ನವಮಂಗಳೂರು ಬಂದರಿಗೆ ಬರುವ ಕ್ರೂಸ್ ಹಡಗುಗಳಲ್ಲಿ ಬಹುಪಾಲು ವಿದೇಶಿ ಪ್ರವಾಸಿಗರೇ ಇರುತ್ತಾರೆ. ಕರ್ನಾಟಕದವರು ಸಾಮಾನ್ಯವಾಗಿ ಹಡಗು ಹತ್ತುವುದು ಮುಂಬೈ, ಗೋವಾ, ಚೆನ್ನೈ ಅಥವಾ ಸಿಂಗಪುರದಲ್ಲಿ. ಬಂದರು ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಸನದವರು ಬೆಂಗಳೂರಿನ ಏಜೆಂಟರಿಂದ ಸಿಂಗಪುರದ ಕ್ರೂಸ್ ಬುಕ್ ಮಾಡಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಆರ್ಬಿಟ್ರೇಷನ್‌ಗೇ ಹೋಗಬೇಕು ಎಂಬ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಬಿಲ್ಡರ್ ಒಬ್ಬರ ವಿರುದ್ಧದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಆದರೆ ಆದೇಶ ಪಡೆಯುವುದು ಬೇರೆ, ಹಣ ವಸೂಲು ಮಾಡುವುದು ಬೇರೆ. ಭಾರತದಲ್ಲಿ ಕಚೇರಿಯೇ ಇಲ್ಲದ ವಿದೇಶಿ ವೆಬ್‌ಸೈಟ್‌ನಲ್ಲಿ ಕಾರ್ಡ್ ಉಜ್ಜಿ ಬುಕ್ ಮಾಡಿದವರು ಗೆದ್ದರೂ ಹಣಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದೀತು. ಹೀಗಾಗಿ ನಾಲ್ಕು ಸಾವಿರ ಹೆಚ್ಚು ಬಿದ್ದರೂ ಇಲ್ಲಿ ಕಚೇರಿ ಇರುವ ಕಂಪನಿ ಅಥವಾ ಏಜೆಂಟರಿಂದಲೇ ಟಿಕೆಟ್ ಕೊಳ್ಳುವುದು ಜಾಣತನ. ಅವರಿಂದ ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಬೇಕು. ಮುಂದೆ ಸೇವೆ ಕೊಟ್ಟವರು ಯಾರು ಎಂಬ ಪ್ರಶ್ನೆ ಎದ್ದರೆ ಆ ಬಿಲ್ಲೇ ಉತ್ತರ. ವಿದೇಶಿ ಪ್ಯಾಕೇಜಿನ ಮೇಲೆ ಏಜೆಂಟರು ಸಂಗ್ರಹಿಸುವ ಟಿಸಿಎಸ್ ತೆರಿಗೆ ಹಣವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಹಲವರು ಅದನ್ನು ಮರೆತೇಬಿಡುತ್ತಾರೆ.

ಕ್ರೂಸ್ ವ್ಯಾಪಾರದಲ್ಲಿ ದರದ ಬಗ್ಗೆ ಜಗಳ ಹುಟ್ಟುವುದುಂಟು. ಜಾಹೀರಾತಿನಲ್ಲಿ ಒಂದು ಮೊತ್ತ ಕಾಣುತ್ತದೆ. ಪಾವತಿಯ ಪುಟಕ್ಕೆ ಬರುವ ಹೊತ್ತಿಗೆ ಬಂದರು ಶುಲ್ಕ, ದಿನಕ್ಕಿಷ್ಟು ಎಂದು ಸಿಬ್ಬಂದಿಯ ಟಿಪ್ಸ್, ತೆರಿಗೆ ಎಲ್ಲ ಒಂದೊಂದಾಗಿ ಸೇರಿ ಲೆಕ್ಕವೇ ಬದಲಾಗಿರುತ್ತದೆ. ಹೀಗೆ ಹಂತಹಂತವಾಗಿ ದರ ಏರಿಸುವುದನ್ನೂ, ಕೇಳದ ಸೇವೆಯನ್ನು ಬಿಲ್ಲಿಗೆ ಸೇರಿಸುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ರದ್ದತಿಯ ಷರತ್ತುಗಳೂ ಕಠಿಣವೇ. ಹೊರಡುವ ದಿನ ಹತ್ತಿರವಾದಂತೆ ಪೂರ್ತಿ ಹಣ ಮುಟ್ಟುಗೋಲಾಗುವುದುಂಟು. ಗ್ರಾಹಕರ ತಪ್ಪಿನಿಂದ ಕಂಪನಿಗಾದ ನಷ್ಟಕ್ಕೂ ವಿಧಿಸಿದ ದಂಡಕ್ಕೂ ತಾಳಮೇಳವಿಲ್ಲದಿದ್ದರೆ, ಸಕಾರಣವಿಲ್ಲದೆ ಒಪ್ಪಂದ ಮುರಿಯುವ ಅಧಿಕಾರ ಕಂಪನಿಗೆ ಮಾತ್ರ ಇದ್ದರೆ, ಅದನ್ನು ಅನುಚಿತ ಕರಾರು ಎಂದು ಪ್ರಶ್ನಿಸಬಹುದು. ಅಂಥ ದೂರು ಜಿಲ್ಲಾ ಆಯೋಗಕ್ಕಲ್ಲ, ನೇರವಾಗಿ ರಾಜ್ಯ ಆಯೋಗಕ್ಕೆ ಹೋಗಬೇಕು.

ಚಂಡಮಾರುತದಿಂದ ಒಂದು ಬಂದರು ತಪ್ಪಿದರೆ ಹೆಚ್ಚೇನೂ ಸಿಗುವುದಿಲ್ಲ. ದಾರಿ ಬದಲಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದ್ದೇ ಇರುತ್ತದೆ, ಇರಬೇಕು ಕೂಡ. ಯಂತ್ರ ಕೆಟ್ಟರೆ ಮಾತು ಬೇರೆ. 2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದು, ಸಾವಿರಾರು ಜನ ದಿನಗಟ್ಟಲೆ ಮೆಕ್ಸಿಕೊ ಕೊಲ್ಲಿಯಲ್ಲಿ ಸಿಕ್ಕಿಬಿದ್ದಿದ್ದರು. ಅದೇ ವರ್ಷ ಕ್ರೂಸ್ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಪ್ರಯಾಣಿಕರ ಹಕ್ಕುಪತ್ರವೊಂದನ್ನು ಪ್ರಕಟಿಸಿತು. ಯಾಂತ್ರಿಕ ದೋಷದಿಂದ ಯಾತ್ರೆ ರದ್ದಾದರೆ ಪೂರ್ತಿ ಹಣ, ಅರ್ಧಕ್ಕೆ ನಿಂತರೆ ಭಾಗಶಃ ಹಣ ಮತ್ತು ಊರಿಗೆ ತಲುಪಿಸುವ ವ್ಯವಸ್ಥೆ ಮಾಡುವುದಾಗಿ ಅದರಲ್ಲಿದೆ. ತಮ್ಮ ಹಡಗಿನ ಕಂಪನಿ ಆ ಸಂಘದ ಸದಸ್ಯನೇ ಎಂದು ಬುಕ್ ಮಾಡುವ ಮುನ್ನವೇ ನೋಡಿಕೊಳ್ಳಬೇಕು.

ಸಮಯ ತಪ್ಪಿದವರಿಗೆ ಮಾತ್ರ ಯಾವ ಕಾನೂನೂ ನೆರವಿಗೆ ಬರುವುದು ಕಷ್ಟ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೊಮೆ ದ್ವೀಪದಲ್ಲಿ ಖಾಸಗಿ ಸುತ್ತಾಟಕ್ಕೆ ಹೋದ ಎಂಟು ಮಂದಿ ತಡವಾಗಿ ಮರಳಿದರು. ನಾರ್ವೇಜಿಯನ್ ಡಾನ್ ಹಡಗು ಅವರನ್ನು ಹತ್ತಿಸಿಕೊಳ್ಳಲಿಲ್ಲ. ಹಡಗನ್ನು ಮತ್ತೆ ಸೇರಲು ಅವರು ದೇಶದಿಂದ ದೇಶಕ್ಕೆ ಅಲೆದರು. ಹಡಗಿನವರೇ ಮಾರುವ ಸುತ್ತಾಟ ದುಬಾರಿ, ನಿಜ. ಆದರೆ ಆ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ. ಅಪರಿಚಿತ ದೇಶದಲ್ಲಿ, ಅದರಲ್ಲೂ ವಯಸ್ಸಾದವರ ಜೊತೆ ಹೋದವರು ಆ ಹಣಕ್ಕೆ ಹಿಂದೆಮುಂದೆ ನೋಡಬಾರದು.

ಹಡಗಿನ ಆಸ್ಪತ್ರೆಯಲ್ಲಿ ಪ್ರತಿಯೊಂದಕ್ಕೂ ಬಿಲ್ಲಾಗುತ್ತದೆ. ಇಲ್ಲಿನ ಸಾಮಾನ್ಯ ಆರೋಗ್ಯ ವಿಮೆ ವಿದೇಶಿ ಸಮುದ್ರಯಾನಕ್ಕೆ ಒದಗುವುದು ಅಪರೂಪ. ಹೆಲಿಕಾಪ್ಟರ್‌ನಲ್ಲಿ ಸಾಗಿಸುವ ಖರ್ಚನ್ನೂ ಭರಿಸುವ ಪ್ರಯಾಣ ವಿಮೆ ಮಾಡಿಸಿಕೊಳ್ಳಬೇಕು. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಬೇಕು. ಕ್ಲೇಮ್ ತಿರಸ್ಕಾರವಾದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ಶುಲ್ಕವಿಲ್ಲ.

ಪೆಟ್ಟಾಗಲಿ, ಕಳವಾಗಲಿ, ಹಡಗಿನಿಂದ ಇಳಿಯುವ ಮೊದಲೇ ಗೆಸ್ಟ್ ಸರ್ವಿಸಸ್ ಕೌಂಟರಿನಲ್ಲಿ ಲಿಖಿತವಾಗಿ ತಿಳಿಸಿ ಪ್ರತಿ ಪಡೆಯಬೇಕು. ಜಾರಿದ ಜಾಗದ ಫೋಟೊ, ಜೊತೆಗಿದ್ದವರ ಫೋನ್ ನಂಬರು, ಕೊನೆಯ ದಿನದ ಬಿಲ್ಲು ಜೋಪಾನವಾಗಿರಲಿ. ಊರಿಗೆ ಬಂದ ಮೇಲೆ ಕಂಪನಿಗೂ ಏಜೆಂಟರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಬೇಕು. 1915 ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ ಕೆಲವು ತಕರಾರುಗಳು ಅಲ್ಲೇ ಬಗೆಹರಿಯುತ್ತವೆ. ಇಲ್ಲವಾದರೆ ಇ-ಜಾಗೃತಿ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ. ಟಿಕೆಟ್‌ಗೆ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ವಿಚಾರಣೆ ನಡೆಸುತ್ತದೆ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಆಯೋಗದ ಆದೇಶವನ್ನು ಪಾಲಿಸದವರಿಗೆ 72ನೇ ಕಲಂ ಅಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.