ಚಿಂಚಿಲದ ಪ್ರಯಾಣ

ಆಂಡೀಸ್ ಪರ್ವತಗಳ ತಂಪಿನಲ್ಲಿ ಬಾಳುವ ಚಿಂಚಿಲ, ಇಲಿ ಅಳಿಲುಗಳಂತೆ ದಂಶಕ ವರ್ಗದ ಪ್ರಾಣಿ. ಅದರ ಒಂದೊಂದು ರೋಮಕೂಪದಿಂದಲೂ 50ಕ್ಕೂ ಮಿಗಿಲಾಗಿ ಕೂದಲುಗಳು ಹೊರಡುತ್ತವೆ. ಚಳಿಯಲ್ಲಿ ಕವಚವಾದ ಈ ತುಪ್ಪಳವೇ ಸೆಕೆಯಲ್ಲಿ ಮೃತ್ಯುವಾದೀತು. ನಮ್ಮಂತೆ ಬೆವರಿ ಮೈ ತಣಿಸಿಕೊಳ್ಳಲು ಅದಕ್ಕೆ ಬಾರದು. ಇಂಥ ಪ್ರಾಣಿಯನ್ನು ಉಷ್ಣವಲಯದ ಕಡಲು ದಾಟಿಸುವುದೆಂತು?

ಚಿಲಿಯಲ್ಲಿದ್ದ ಅಮೆರಿಕದ ಗಣಿ ಎಂಜಿನಿಯರ್ ಮಥಾಯಸ್ ಚ್ಯಾಪ್‌ಮನ್ ಅವಸರಪಡಲಿಲ್ಲ. ತಾನು ಕೂಡಿಸಿದ ಹತ್ತು ಹನ್ನೆರಡು ಚಿಂಚಿಲಗಳನ್ನು ಸುಮಾರು ಒಂದು ವರ್ಷ ಹಂತಹಂತವಾಗಿ ಬೆಟ್ಟದಿಂದಿಳಿಸಿ ತಗ್ಗಿನ ಹವೆಗೆ ಒಗ್ಗಿಸಿದನು. ಹಡಗಿನಲ್ಲಿ ಅವುಗಳ ಗೂಡುಗಳನ್ನು ಮಂಜುಗಡ್ಡೆಯಿಂದ ತಂಪಾಗಿಟ್ಟನು. 1923ರಲ್ಲಿ ಅವು ಕ್ಯಾಲಿಫೋರ್ನಿಯ ತಲುಪಿದವು. ಇಂದಿನ ಸಾಕು ಚಿಂಚಿಲಗಳಲ್ಲಿ ಬಹುಪಾಲು ಅವುಗಳ ಸಂತತಿಯೇ.

ಇವನ್ನು ಕಾರಿನಲ್ಲಿ ಒಯ್ಯುವಾಗ ಒಳಗಿನ ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡ್ ಮೀರಬಾರದು. ಕಿವಿಗಳು ಕೆಂಪೇರಿದರೆ ನಾವು ಎಚ್ಚರಗೊಳ್ಳಬೇಕು. ಚಿಂಚಿಲ ಮೈಯ ಶಾಖವನ್ನು ಹೊರದೂಡುವುದು ಮುಖ್ಯವಾಗಿ ಆ ತೆಳುಕಿವಿಗಳ ಮೂಲಕ.